ಶ್ರೀಸ್ಥಾನಕವೂ ಠಾಣೆಯೂ: ಒಂದು ಹಳೆಯ ಪೇಟೆಯ ಕನ್ನಡ ವಾಚನ

ಠಾಣೆಯ ಪೂರ್ವಚರಿತ್ರೆಯನ್ನು ಕುರಿತು ಕನ್ನಡದಲ್ಲಿ ಬರೆಯಹೊರಟವರ ಲೇಖನಿಯು ಬಹುಮಟ್ಟಿಗೆ ಒಂದೇ ಜಾಡನ್ನು ಹಿಡಿಯುತ್ತದೆ. ಉತ್ತರ ಕೊಂಕಣವನ್ನಾಳಿದ ಶಿಲಾಹಾರರು ರಾಷ್ಟ್ರಕೂಟರ ಮಾಂಡಲಿಕರು. ಶಾಸನಗಳಲ್ಲಿ ಶ್ರೀಸ್ಥಾನಕವೆಂದು ಕರೆಯಲ್ಪಟ್ಟಿರುವ ಈ ನಗರವು ಅವರ ಆಳಿಕೆಯ ಮುಖ್ಯ ಸ್ಥಾನಗಳಲ್ಲೊಂದು. ಅವರ ಬಿರುದಾವಳಿಯಲ್ಲಿ ‘ಗಂಡರಗಂಡ’, ‘ನನ್ನಿಸಮುದ್ರ’ ಮೊದಲಾದ ಕನ್ನಡದ ಮಾತುಗಳಿವೆ. ಆದುದರಿಂದ ಠಾಣೆಯು ಮೂಲತಃ ಕನ್ನಡದ ನೆಲ. ಇಷ್ಟನ್ನು ಹೇಳಿದ ಮೇಲೆ ಲೇಖನವು ಸಾಮಾನ್ಯವಾಗಿ ನಿಂತುಹೋಗುತ್ತದೆ. ಕೌಪೀನೇಶ್ವರನ ಗುಡಿಯ ಮುಂದೆ ಇಂದು ತರಕಾರಿ ಕೊಳ್ಳುತ್ತಿರುವ, ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ಕನ್ನಡಿಗನು ಆ ಲೇಖನದೊಳಕ್ಕೆ ಬರುವುದೇ ಇಲ್ಲ. ಹತ್ತನೆಯ ಶತಮಾನದಿಂದ ನೇರವಾಗಿ ಸಂಘದ ವಾರ್ಷಿಕೋತ್ಸವಕ್ಕೆ ಹಾರುವ ಈ ಪದ್ಧತಿಯಲ್ಲಿ ಸಾವಿರ ವರ್ಷಗಳು ಒಂದು ಹೆಜ್ಜೆಯಡಿ ಅಡಗಿಹೋಗುತ್ತವೆ.

ಈ ಪದ್ಧತಿಯು ಆಧಾರರಹಿತವೆಂದು ಯಾರೂ ಹೇಳಲಾರರು. ವಾಗ್ಳೆ ಎಸ್ಟೇಟಿನ ಪಶ್ಚಿಮಕ್ಕೆ ಕಾಣುವ ಯೇವೂರಿನ ಬೆಟ್ಟಗಳ ಆಚೆಯ ಮಗ್ಗುಲಲ್ಲಿ ಕಾನ್ಹೇರಿಯ ಗುಹೆಗಳಿವೆ. ಅಲ್ಲಿ ಕ್ರಿ.ಶ. 843ರ ಹಾಗೂ 877ರ ಸುಮಾರಿನ ಶಾಸನಗಳಲ್ಲಿ ಶಿಲಾಹಾರ ಪುಲ್ಲಶಕ್ತಿಯೂ ಇಮ್ಮಡಿ ಕಪರ್ದಿಯೂ ತಮ್ಮನ್ನು ಅಮೋಘವರ್ಷನ ಅಧೀನರೆಂದು ಹೇಳಿಕೊಂಡಿದ್ದಾರೆ. ಕವಿರಾಜಮಾರ್ಗವು ಯಾರ ಆಸ್ಥಾನದಲ್ಲಿ ಹುಟ್ಟಿತೋ ಅದೇ ಅಮೋಘವರ್ಷನು ಈತ. ಬೌದ್ಧ ಭಿಕ್ಷುಗಳಿಗೆ ಕೊಟ್ಟ ದತ್ತಿಯ ಲೇಖದಲ್ಲಿ ಆ ಹೆಸರನ್ನು ಕಂಡ ಕನ್ನಡಿಗನ ಮನಸ್ಸು ಅರಳಿದರೆ ಅದು ಸಹಜವೇ. ಆದರೆ ಅರಳಿದ ಮನಸ್ಸು ಪ್ರಮಾಣವನ್ನು ತೂಗುವ ಕೆಲಸವನ್ನು ಮರೆಯಬಾರದಷ್ಟೆ.

ಠಾಣೆಯ ತಾಮ್ರಪಟವೊಂದನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 1787ರಲ್ಲಿ ಠಾಣೆಯ ಕೋಟೆಯಲ್ಲಿ ಹೊಸ ಕಟ್ಟಡದ ಕೆಲಸಕ್ಕಾಗಿ ನೆಲವನ್ನು ಅಗೆಯುತ್ತಿದ್ದಾಗ ದೊರೆತ ಈ ಪಟವು ಶಿಲಾಹಾರ ಅರಿಕೇಸರಿಯದು. ಕಾಲ ಶಕ 939, ಎಂದರೆ ಕ್ರಿ.ಶ. 1017. ಮರುವರ್ಷವೇ ಕಲ್ಕತ್ತೆಯಲ್ಲಿ ‘ಏಷ್ಯಾಟಿಕ್ ರಿಸರ್ಚಸ್’ ಪತ್ರಿಕೆಯ ಮೊದಲ ಸಂಪುಟದಲ್ಲಿ ಇದರ ಅನುವಾದವು ಅಚ್ಚಾಯಿತು. ಭಾರತೀಯ ಶಾಸನಶಾಸ್ತ್ರವು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ವಿದ್ವಾಂಸರ ಕೈಗೆ ಬಂದ ಪಟಗಳಲ್ಲಿ ಇದೂ ಒಂದು. ಅರಿಕೇಸರಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ಪಂಪನನ್ನು ನೆನೆಯುವವರು ಉಂಟು. ಆದರೆ ಪಂಪನ ಆಶ್ರಯದಾತನಾದ ವೇಮುಲವಾಡದ ಚಾಲುಕ್ಯ ಅರಿಕೇಸರಿಗೂ ಈತನಿಗೂ ಹೆಸರಿನ ಹೊರತು ಬೇರೆ ನಂಟಿಲ್ಲ. ಕಾಲದಲ್ಲಿಯೂ ಸುಮಾರು ಮುಕ್ಕಾಲು ಶತಮಾನದ ಅಂತರವಿದೆ.

ಈ ಪಟದಲ್ಲಿ ಕನ್ನಡದ ವಾಚಕನಿಗೆ ನಿಜವಾಗಿ ದೊರೆಯುವುದೇನು? ಸಾಮಾನ್ಯವಾಗಿ ಹೆಕ್ಕಿ ತೆಗೆಯಲ್ಪಡುವುದು ಬಿರುದುಗಳು. ದಾನವನ್ನು ಪಡೆದವನ ಹೆಸರು ತಿಕ್ಕಪೈಯ. ಶಿಲಾಹಾರ ಪಟಗಳಲ್ಲಿ ಸಚಿವರ ಹೆಸರುಗಳೂ ಹೀಗೆಯೇ ‘ಐಯ’ ಎಂಬ ಕೊನೆಯನ್ನು ಹೊಂದಿರುವುದುಂಟು. 1882ರಲ್ಲಿ ಹೊರಬಂದ ಮುಂಬಯಿ ಪ್ರಾಂತದ ಠಾಣೆ ಗೆಜೆಟಿಯರು ಈ ಪ್ರತ್ಯಯದ ಕಡೆಗೆ ಆಗಲೇ ಬೆರಳು ತೋರಿಸಿತ್ತು. ‘ಅಯ್ಯ’ ಎಂಬ ಗೌರವವಾಚಿಯು ದಕ್ಷಿಣದ ಕಡೆಗೆ ಮುಖಮಾಡಿರುವುದು ನಿಸ್ಸಂದೇಹ. ಅದು ಕನ್ನಡದ್ದೇ ಎಂದು ಆಣೆಯಿಟ್ಟು ಹೇಳಲು ಮಾತ್ರ ಬಾರದು. ತೆಲುಗಿಗೂ ಆ ಮಾತಿನ ಮೇಲೆ ಹಕ್ಕಿದೆ.

ಬಿರುದುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮಾಂಡಲಿಕನು ತನ್ನ ಒಡೆಯನ ಆಸ್ಥಾನದ ಮಾತನ್ನು ಒಡವೆಯಂತೆ ಧರಿಸುವುದು ಆ ಕಾಲದ ರೂಢಿ. ಸಂಸ್ಕೃತದ ಪಟವೊಂದರಲ್ಲಿ ನಾಲ್ಕು ಕನ್ನಡ ಬಿರುದುಗಳು ಹೊಳೆಯುತ್ತಿವೆಯೆಂದರೆ ರಾಷ್ಟ್ರಕೂಟರ ದರ್ಬಾರಿನ ಪ್ರಭಾವವು ಸಮುದ್ರತೀರದವರೆಗೂ ಹಬ್ಬಿತ್ತೆಂದು ತಿಳಿಯಬಹುದು. ಕೆರೆಯ ದಂಡೆಯಲ್ಲಿ ಮೀನು ಮಾರುತ್ತಿದ್ದವಳು ಯಾವ ಭಾಷೆಯಲ್ಲಿ ಚೌಕಾಸಿ ಮಾಡುತ್ತಿದ್ದಳೆಂಬುದು ಅದರಿಂದ ತಿಳಿಯದು. ಇದನ್ನು ಬಿಡಿಸಿ ನೋಡಲು ಕೊಲ್ಲಾಪುರದ ಶಿಲಾಹಾರ ಶಾಖೆಯು ಒಳ್ಳೆಯ ಒರೆಗಲ್ಲು. ಆ ಶಾಖೆಯವರು ಕನ್ನಡದಲ್ಲಿ ಶಾಸನಗಳನ್ನು ಬರೆಯಿಸಿದರು. ನೇಮಿನಾಥಪುರಾಣವನ್ನು ಬರೆದ ಕರ್ಣಪಾರ್ಯನಿಗೆ ಆಶ್ರಯ ದೊರೆತದ್ದು ಆ ರಾಜ್ಯದಲ್ಲಿ. ಠಾಣೆಯ ಶಾಖೆಯ ಆಸ್ಥಾನದಿಂದ ಹೊರಟ ಗ್ರಂಥಗಳಾದರೋ ಸಂಸ್ಕೃತದವು: ಅಪರಾದಿತ್ಯನ ಹೆಸರಿನಲ್ಲಿರುವ ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನ, ಸೋಡ್ಢಲನ ಉದಯಸುಂದರೀಕಥೆ. ಒಂದೇ ಮನೆತನದ ಎರಡು ಶಾಖೆಗಳು ಎರಡು ನೆಲದಲ್ಲಿ ಎರಡು ಬಗೆಯಾಗಿ ನಡೆದುಕೊಂಡಿರುವಾಗ, ಕೊಲ್ಲಾಪುರದ ಪ್ರಮಾಣವನ್ನು ಠಾಣೆಯ ಲೆಕ್ಕಕ್ಕೆ ಬರೆಯುವುದು ಪ್ರಾಮಾಣಿಕವಾದ ವ್ಯವಹಾರವಲ್ಲ.

ಸೋಡ್ಢಲನ ಹೆಸರು ಬಂದುದರಿಂದ ಇಲ್ಲಿ ಒಂದು ಕ್ಷಣ ನಿಲ್ಲಬೇಕಾಗಿದೆ. ಹನ್ನೊಂದನೆಯ ಶತಮಾನದಲ್ಲಿ ಚಿತ್ತರಾಜ, ನಾಗಾರ್ಜುನ, ಮುಮ್ಮುಣಿರಾಜ ಎಂಬ ಮೂವರು ಸೋದರರ ಆಶ್ರಯದಲ್ಲಿದ್ದ ಈ ಕವಿಯು ಹುಟ್ಟಿನಿಂದ ಠಾಣೆಯವನಲ್ಲ. ಲಾಟದೇಶದಿಂದ, ಎಂದರೆ ಇಂದಿನ ದಕ್ಷಿಣ ಗುಜರಾತಿನಿಂದ, ಬಂದ ಕಾಯಸ್ಥನು. ತನ್ನ ವಂಶ, ಊರು, ಬಂದ ದಾರಿ ಇವನ್ನೆಲ್ಲ ಅವನು ತನ್ನ ಗ್ರಂಥದಲ್ಲಿಯೇ ಹೇಳಿಕೊಂಡಿದ್ದಾನೆ. ಅಂಬರನಾಥದ ದೇಗುಲದ ಶಾಸನದಲ್ಲಿ (ಶಕ 982, ಕ್ರಿ.ಶ. 1060) ಕಾಣುವ ಮುಮ್ಮುಣಿಯ ಆಸ್ಥಾನದಲ್ಲಿ ಒಬ್ಬ ವಲಸೆಗಾರನು ಕುಳಿತು ಬರೆಯುತ್ತಿದ್ದನು. ಹೊಟ್ಟೆಪಾಡಿಗಾಗಿಯೋ ವಿದ್ಯೆಯ ಮನ್ನಣೆಗಾಗಿಯೋ ಊರು ಬಿಟ್ಟು ಬಂದವರ ಚರಿತ್ರೆಯನ್ನು ಠಾಣೆಯಲ್ಲಿ ಹುಡುಕುವ ಕನ್ನಡಿಗನಿಗೆ ಅರಿಕೇಸರಿಯ ಬಿರುದಿಗಿಂತ ಸೋಡ್ಢಲನು ಹತ್ತಿರದ ಬಂಧುವಾಗಬಹುದಿತ್ತು. ಅವನು ಕನ್ನಡಿಗನಲ್ಲವೆಂಬ ಒಂದೇ ಕಾರಣಕ್ಕಾಗಿ ಕನ್ನಡದ ಲೇಖನಗಳಲ್ಲಿ ಅವನಿಗೆ ಸ್ಥಳ ದೊರೆತಿಲ್ಲ.

ಊರಿನ ಹೆಸರನ್ನೇ ನೋಡಿದರೂ ಇದೇ ಪಾಠ. ‘ಸ್ಥಾನ’ ಎಂಬುದರಿಂದ ಮರಾಠಿಯಲ್ಲಿ ‘ಠಾಣೆ’ಯಾಯಿತು, ಕನ್ನಡದಲ್ಲಿ ‘ತಾಣ’ವಾಯಿತು. ಊರಿನಿಂದ ಹೊಸದಾಗಿ ಬಂದ ಕನ್ನಡಿಗನಿಗೆ ‘ಠಾಣೆ’ ಎಂದೊಡನೆ ಪೊಲೀಸರ ಕಟ್ಟೆ ನೆನಪಾಗಿ ನಗು ಬರುವುದುಂಟು. ಒಂದೇ ತಾಯಿಬೇರಿನಿಂದ ಇಬ್ಬರೂ ಪಡೆದದ್ದನ್ನು ಒಬ್ಬರು ಇನ್ನೊಬ್ಬರಿಂದ ಕಸಿದುಕೊಂಡರೆಂದು ವಾದಿಸುವುದು ವ್ಯರ್ಥ.

ಹಾಗಾದರೆ ಕನ್ನಡದ ಕುರುಹುಗಳನ್ನು ಹುಡುಕುವ ಕೆಲಸವೇ ನಿಷ್ಪ್ರಯೋಜಕವೆ? ಹಾಗೆಂದರೆ ಶಂ. ಬಾ. ಜೋಶಿಯವರಂಥ ಹಿರಿಯರಿಗೆ ಅನ್ಯಾಯವಾದೀತು. 1933ರಲ್ಲಿ ಪ್ರಕಟವಾದ ಅವರ ‘ಕಣ್ಮರೆಯಾದ ಕನ್ನಡ’ವು ಮಹಾರಾಷ್ಟ್ರದ ನೆಲದಲ್ಲಿ ಅಡಗಿರುವ ಕನ್ನಡವನ್ನು ಅಗೆದು ತೋರಿಸಿದ ಗ್ರಂಥ. ಕನ್ನಡ ನಾಡು ಹರಿದು ಹಂಚಿಹೋಗಿದ್ದ, ಧಾರವಾಡದ ಕಚೇರಿಯಲ್ಲಿ ಕನ್ನಡವು ಅಂಜಿ ನಿಂತಿದ್ದ ಕಾಲದಲ್ಲಿ ಅಂಥ ಅಗೆತವು ಆತ್ಮವಿಶ್ವಾಸದ ಪ್ರಶ್ನೆಯಾಗಿತ್ತು. 1956ರ ನವೆಂಬರ್ 1ರಂದು ಏಕೀಕರಣವು ಕೈಗೂಡಿತು. ಅನಂತರವೂ ಅದೇ ವಾದವನ್ನು, ಆ ವಿದ್ವತ್ತಿನ ಭಾರವಿಲ್ಲದೆ, ಪರನಾಡಿನ ಸಭೆಗಳಲ್ಲಿ ಮರುನುಡಿಯುತ್ತ ಬಂದಿರುವುದರಲ್ಲಿ ದೋಷವಿದೆ. ಕಣ್ಮರೆಯಾದ ಕನ್ನಡವನ್ನು ಅರಸುವ ಭರದಲ್ಲಿ ಕಣ್ಣೆದುರಿನ ಕನ್ನಡವು ಕಣ್ಮರೆಯಾಗುತ್ತಿರುವುದು ಗಮನಕ್ಕೆ ಬರಲಿಲ್ಲ.

ಕಣ್ಣೆದುರಿನ ಆ ಹಳೆಯ ಪೇಟೆಯು ಹೇಗಿದೆ? ರೈಲು ನಿಲ್ದಾಣದಿಂದ ಪಶ್ಚಿಮಕ್ಕೆ ಹೊರಟು ಜಾಂಭಳಿ ನಾಕೆಯನ್ನು ಸೇರಿದರೆ ಮಾಸುಂದಾ ಕೆರೆ, ಅದರ ಮಗ್ಗುಲಲ್ಲಿ ಕೌಪೀನೇಶ್ವರ. ಶಿಲಾಹಾರರ ಕಾಲದ ಶಿವಾಲಯವೆಂಬ ಪ್ರತೀತಿ ಇದಕ್ಕೆ ಇದೆ. ಈಗ ಕಾಣುವ ಗುಡಿಯು ಮರಾಠರ ಸರಸುಭೇದಾರ ರಾಮಾಜಿ ಮಹಾದೇವ ಬಿವಲಕರರು 1760ರ ಸುಮಾರಿಗೆ ಕಟ್ಟಿಸಿದ್ದು. ಗುಡಿಯ ಹೊರಗೆ ಹೂವು, ಸೊಪ್ಪು, ಕಾಯಿಪಲ್ಲೆ, ಧಾನ್ಯದ ಅಂಗಡಿಗಳ ಸಂದಣಿ. ದೇವರಿಗೆ ಕೈಮುಗಿದು ಹೊರಬಂದವರ ಚೀಲಕ್ಕೆ ಮೆಂತ್ಯದ ಕಟ್ಟು ಬೀಳುತ್ತದೆ. ಸ್ವಲ್ಪ ಮುಂದೆ ಟೇಂಭಿ ನಾಕೆಯಲ್ಲಿ ಬೆನೆ ಇಸ್ರೇಲ್ ಸಮಾಜದವರು 1879ರಲ್ಲಿ ಕಟ್ಟಿದ ಯೆಹೂದ್ಯರ ಪ್ರಾರ್ಥನಾಮಂದಿರ, ಪಾರಸಿಗಳ ಅಗ್ಯಾರಿ. ಇನ್ನೊಂದು ಕಡೆ ಪೋರ್ಚುಗೀಸರ ಕಾಲದ ಪರಂಪರೆಯ ಸಂತ ಜಾನರ ಇಗರ್ಜಿ. 1321ರಲ್ಲಿ ಇದೇ ಊರಿನಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಕೊಲ್ಲಲ್ಪಟ್ಟ ಸಂಗತಿಯು ಯುರೋಪಿನ ಯಾತ್ರಿಕರ ಬರಹಗಳಲ್ಲಿ ಉಳಿದಿದೆ. ಖಾರಕರ ಆಳಿ, ಚರಯಿ, ಉಥಳಸರ, ಮಹಾಗಿರಿ, ಚೇಂದಣಿಯ ಕೋಳಿವಾಡೆ: ಬೀದಿ ಬೀದಿಗೆ ಒಂದೊಂದು ಕುಲ, ಒಂದೊಂದು ಕಸುಬು. ಚೇಂದಣಿಯ ಕೋಳಿಗಳು ರೈಲಿಗೆ ಎಷ್ಟೋ ಮುಂಚಿನಿಂದ ಖಾಡಿಯ ದಂಡೆಯಲ್ಲಿದ್ದವರು.

ಕೋಟೆಯ ಕಥೆ ಬೇರೆಯೇ ಆಗಿದೆ. 1730ರಲ್ಲಿ ಪೋರ್ಚುಗೀಸರು ಕಟ್ಟತೊಡಗಿದ್ದು. 1737ರಲ್ಲಿ ಮರಾಠರ ವಶ. 1774ರಲ್ಲಿ ಇಂಗ್ಲಿಷರ ವಶ. ಪೇಶ್ವೆಯ ಸಚಿವ ತ್ರಿಂಬಕಜಿ ಡೇಂಗಳೆ 1816ರಲ್ಲಿ ತಪ್ಪಿಸಿಕೊಂಡು ಹೋದದ್ದು ಇಲ್ಲಿಂದ. ಮುಂದೆ ಅದು ಸೆರೆಮನೆಯೇ ಆಯಿತು. ನಾಶಿಕದ ಕಲೆಕ್ಟರ್ ಜ್ಯಾಕ್ಸನ್ನನ ವಧೆಗಾಗಿ ಅನಂತ ಕಾನ್ಹೇರೆ, ಕೃಷ್ಣಾಜಿ ಕರ್ವೆ, ವಿನಾಯಕ ದೇಶಪಾಂಡೆ ಇವರನ್ನು 1910ರ ಏಪ್ರಿಲ್ 19ರಂದು ಗಲ್ಲಿಗೇರಿಸಿದ್ದು ಅದರ ಗೋಡೆಗಳ ಒಳಗೆ. ತಾಮ್ರಪಟ ದೊರೆತ ನೆಲವೂ ಈ ಕೋಟೆಯದೇ. ಶ್ರೀಸ್ಥಾನಕದ ಅಳಿದುಳಿದ ಸಾಕ್ಷ್ಯವನ್ನು ನೋಡಬಯಸುವವನು ಇಂದು ಕೈದಿಗಳ ಬಾಗಿಲಿನ ಎದುರು ನಿಲ್ಲಬೇಕಾಗಿದೆಯೆಂಬುದು ವಿಚಿತ್ರವಾದರೂ ಸತ್ಯ.

1882ರ ಗೆಜೆಟಿಯರು ಇವುಗಳಲ್ಲಿ ಹೆಚ್ಚಿನದನ್ನು ಲೆಕ್ಕವಿಟ್ಟು ಹೇಳಿದೆ. ಅಳಿವಿನ ಅಂಚಿಗೆ ಬಂದಿದ್ದ ಠಾಣೆಯ ರೇಷ್ಮೆಯ ನೇಯ್ಗೆಯನ್ನೂ ಮರೆತಿಲ್ಲ. ಪರದೇಶದ ಅಧಿಕಾರಿಗಳು ಕಂದಾಯಕ್ಕೂ ಆಡಳಿತಕ್ಕೂ ಬೇಕೆಂದು ಬರೆಯಿಸಿದ ಆ ಗ್ರಂಥಕ್ಕೆ ಹಲವು ಮಿತಿಗಳಿವೆ. ಜನರನ್ನು ಅದು ಜಾತಿಗಳ ಪಟ್ಟಿಯಾಗಿ ಕಾಣುತ್ತದೆಯೇ ಹೊರತು ನೆರೆಹೊರೆಯಾಗಿ ಕಾಣುವುದಿಲ್ಲ. ಆದರೂ ಮಗ್ಗದ ಮುಂದೆ ಕುಳಿತವನನ್ನು ಅದು ಒಮ್ಮೆಯಾದರೂ ನೋಡಿತು. ಕನ್ನಡದ ಲೇಖನಗಳು ಗೆಜೆಟಿಯರಿನಿಂದ ಶಿಲಾಹಾರರ ವಂಶಾವಳಿಯನ್ನು ಎತ್ತಿಕೊಂಡವು, ನೇಕಾರನನ್ನು ಅಲ್ಲಿಯೇ ಬಿಟ್ಟವು. ಇನ್ನೊಂದು ಸಂಗತಿಯೂ ಇದೆ. ಠಾಣೆಯ ಸಂಪುಟಗಳನ್ನು ಸಂಪಾದಿಸಿದ ಜೇಮ್ಸ್ ಕ್ಯಾಂಬೆಲ್ಲನೇ ಅದೇ ಮಾಲೆಯಲ್ಲಿ ಕಾನಡಾ ಜಿಲ್ಲೆಯ, ಧಾರವಾಡದ ಸಂಪುಟಗಳನ್ನೂ ಹೊರತಂದನು. 1956ರವರೆಗೆ ಕಾರವಾರ, ಧಾರವಾಡ, ಬೆಳಗಾವಿ, ವಿಜಾಪುರಗಳೂ ಠಾಣೆಯೂ ಒಂದೇ ಮುಂಬಯಿ ಸರಕಾರದ ಅಡಿಯಲ್ಲಿದ್ದವು. ಅಂಕೋಲೆಯ ಗುಮಾಸ್ತನೊಬ್ಬನು ಠಾಣೆಯ ಕಲೆಕ್ಟರ್ ಕಚೇರಿಗೆ ವರ್ಗವಾಗಿ ಬಂದರೆ ಅವನು ಪರನಾಡಿಗನಾಗುತ್ತಿರಲಿಲ್ಲ. ಅದೇ ಕಾಲದಲ್ಲಿ ಉಡುಪಿಯಿಂದ ಹೊಟೇಲಿನ ಕೆಲಸಕ್ಕೆ ಬಂದ ಹುಡುಗನು ಮದ್ರಾಸು ಪ್ರಾಂತದವನು. ಕನ್ನಡದವನಾದರೂ ಆಡಳಿತದ ಕಣ್ಣಿಗೆ ಹೊರಗಿನವನು. ಹೊರನಾಡು ಎಂಬ ಮಾತನ್ನು ಇಂದಿನ ಗಡಿಗಳನ್ನಿಟ್ಟುಕೊಂಡು ಹಿಂದಕ್ಕೆಳೆಯುವ ಲೇಖಕರು ಈ ವ್ಯತ್ಯಾಸವನ್ನು ಗಮನಿಸಿಲ್ಲ.

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಹದಿನಾಲ್ಕು ಡಬ್ಬಿಗಳಲ್ಲಿ ಸುಮಾರು ನಾನೂರು ಅತಿಥಿಗಳನ್ನು ಹೊತ್ತು ಹೊರಟ ಗಾಡಿಯು 21 ಮೈಲು ನಡೆದು ಠಾಣೆಯನ್ನು ಮುಟ್ಟಿತು. ಇದನ್ನು ಎಲ್ಲರೂ ಬಲ್ಲರು, ಹೆಮ್ಮೆಯಿಂದ ಹೇಳಿಕೊಳ್ಳುವರು. ಆ ದಿನದಿಂದ ಪೇಟೆಯ ಜೀವನದ ತಾಳವು ಬದಲಾದುದನ್ನು ಹೇಳುವವರು ವಿರಳ. ಖಾಡಿಯ ಬಂದರಿಗೆ ಮುಖವಾಗಿದ್ದ ಊರು ನಿಲ್ದಾಣಕ್ಕೆ ಮುಖ ತಿರುಗಿಸಿತು. ಮರಾಠಿಯ ಮೊದಲ ಗ್ರಂಥಸಂಗ್ರಹಾಲಯವು 1893ರಲ್ಲಿ ಇಲ್ಲಿಯೇ ಹುಟ್ಟಿದ್ದಕ್ಕೆ ಕಚೇರಿ, ಕೋರ್ಟು, ಶಾಲೆಗಳನ್ನು ಆಶ್ರಯಿಸಿದ ಓದುಗ ವರ್ಗವೊಂದು ಈ ಬೀದಿಗಳಲ್ಲಿ ನೆಲೆಯೂರಿದ್ದುದೇ ಕಾರಣವಿರಬೇಕು. 1978ರಲ್ಲಿ ಕೆರೆಯ ದಂಡೆಯ ಮೇಲೆ ಗಡಕರಿ ರಂಗಾಯತನವು ಎದ್ದಾಗ ಸಂಜೆಯ ಜನಜಂಗುಳಿಗೆ ಇನ್ನೊಂದು ಕೇಂದ್ರ ದೊರೆಯಿತು. ಮಾಮಲೇದಾರರ ಕಚೇರಿಯ ನೆರಳಿನಲ್ಲಿ ಕುದಿಯುವ ಖಾರದ ಮಿಸಳಿಗೆ ಇರುವ ಕೀರ್ತಿಯು ಶಿಲಾಹಾರರ ಕೀರ್ತಿಗಿಂತ ಇಂದು ಹೆಚ್ಚಿನದೆಂದರೆ ವಿದ್ವಾಂಸರು ಕೋಪಿಸಿಕೊಳ್ಳಬಾರದು.

ಈ ಪೇಟೆಯ ಅಂಚಿಗೆ ಕೈಗಾರಿಕೆಯ ಊರೊಂದು ಬಂದು ಅಂಟಿಕೊಂಡದ್ದು ಅತ್ಯಂತ ಮುಖ್ಯವಾದ ಘಟನೆ. 1962ರ ಆಗಸ್ಟ್ 1ರಂದು ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳವು ಅಸ್ತಿತ್ವಕ್ಕೆ ಬಂದಿತು. ಅದರ ಚರಿತ್ರೆಯ ಮೊದಲ ಪುಟಗಳಲ್ಲಿಯೇ ವಾಗ್ಳೆ ಎಸ್ಟೇಟು ಇದೆ. ಇಲ್ಲಿಯ ಬೀದಿಗಳಿಗೆ ದೇವರ ಹೆಸರಾಗಲಿ ಕುಲದ ಹೆಸರಾಗಲಿ ಇಲ್ಲ. ರೋಡ್ ನಂಬರ್ ಹದಿನಾರು, ರೋಡ್ ನಂಬರ್ ಇಪ್ಪತ್ತೆರಡು ಎಂದು ಎಣಿಕೆ. ಯಂತ್ರದ ಬಿಡಿಭಾಗ, ಔಷಧ, ವಿದ್ಯುತ್ ಉಪಕರಣ ಮೊದಲಾದವುಗಳ ಕಾರ್ಖಾನೆಗಳು. ಕಾರ್ಮಿಕರಿಗಾಗಿ ವಿಮಾ ಆಸ್ಪತ್ರೆ, ತರುಣರಿಗಾಗಿ ಔದ್ಯೋಗಿಕ ತರಬೇತಿ ಸಂಸ್ಥೆ. ಸುತ್ತ ಕಿಸನನಗರ, ಶ್ರೀನಗರ, ಇಂದಿರಾನಗರಗಳ ಇಕ್ಕಟ್ಟಿನ ವಸತಿಗಳು. ಎಸ್ಟೇಟಿನಲ್ಲಿ ದುಡಿದವನು ಹಬ್ಬದ ಸಾಮಾನಿಗೆ, ಮದುವೆಯ ಬಟ್ಟೆಗೆ, ಊರಿಗೆ ಹೋಗುವ ಗಾಡಿಗೆ ಹಳೆಯ ಪೇಟೆಗೇ ಬರಬೇಕಾಗಿತ್ತು. ಹೀಗೆ ಪೇಟೆಯೂ ಎಸ್ಟೇಟೂ ಒಂದೇ ಸಂಸಾರದ ಎರಡು ಕೋಣೆಗಳಾದವು. ಪಾರಂಪರ್ಯದ ಬರಹಗಳು ಒಂದು ಕೋಣೆಯಲ್ಲಿ ದೀಪ ಹಚ್ಚಿ ಇನ್ನೊಂದನ್ನು ಕತ್ತಲೆಯಲ್ಲಿಟ್ಟಿವೆ.

ಆ ಕತ್ತಲೆಯ ಕೋಣೆಯಲ್ಲಿಯೇ ಕನ್ನಡಿಗರು ಬಹುಸಂಖ್ಯೆಯಲ್ಲಿದ್ದರು. ದಕ್ಷಿಣ ಕನ್ನಡದಿಂದ ಬಂದು ಹೊಟೇಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿ ಕಾರ್ಖಾನೆಯ ಗುಮಾಸ್ತೆಯಾದವನು. ಉತ್ತರ ಕನ್ನಡದಿಂದ ಬಂದ ರಸಾಯನಶಾಸ್ತ್ರದ ಪದವೀಧರನು. ಕಲಬುರಗಿ ವಿಜಾಪುರಗಳ ಬರದಿಂದ ಬಂದು ಬೆಳಗ್ಗೆ ನಾಕೆಯಲ್ಲಿ ಕೂಲಿಗಾಗಿ ನಿಲ್ಲುವ ಗಾರೆಕೆಲಸದವನು. ಈ ಮೂವರೂ ಆಡುವ ಕನ್ನಡಗಳು ಮೂರು. ಅವರು ಒಂದೇ ಸಂಘದ ಚಾಪೆಯ ಮೇಲೆ ಕುಳಿತದ್ದು ಅಪರೂಪ. ಮೂರನೆಯವನನ್ನು ಸಂಘಗಳು ಬಹುಕಾಲ ಕಾಣಲೇ ಇಲ್ಲವೆಂಬ ಆಕ್ಷೇಪವನ್ನು ಅಲ್ಲಗಳೆಯುವುದು ಕಷ್ಟ. ಶಿಲಾಹಾರರ ಬಿರುದಿನಲ್ಲಿ ಕನ್ನಡವನ್ನು ಗುರುತಿಸಬಲ್ಲ ಕಿವಿಯು ನಾಕೆಯ ಮೇಲೆ ನಿಂತವನ ಮಾತಿನಲ್ಲಿ ಕನ್ನಡವನ್ನು ಗುರುತಿಸದೆ ಹೋಯಿತು.

ಸಂಶೋಧನೆಯು ಬಿಟ್ಟ ಕೆಲಸವನ್ನು ಕಥೆ ಕಾದಂಬರಿಗಳು ಕೈಗೆತ್ತಿಕೊಂಡವು. ಯಶವಂತ ಚಿತ್ತಾಲರ ‘ಶಿಕಾರಿ’ (1979) ರಾಸಾಯನಿಕ ಸಂಸ್ಥೆಯ ಅಧಿಕಾರಿ ನಾಗಪ್ಪನ ಮೂಲಕ ಕೈಗಾರಿಕಾ ನಗರದ ಒಳಭಯವನ್ನು ಕನ್ನಡಕ್ಕೆ ತಂದಿತು. 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ವ್ಯಾಸರಾಯ ಬಲ್ಲಾಳರ ‘ಬಂಡಾಯ’ವು ಕಾರ್ಮಿಕರ ಹೋರಾಟವನ್ನೇ ವಸ್ತುವನ್ನಾಗಿ ಮಾಡಿಕೊಂಡಿತು. ಜಯಂತ ಕಾಯ್ಕಿಣಿಯವರ ಮುಂಬಯಿಯ ಕಥೆಗಳಲ್ಲಿ ಲೋಕಲ್ ಗಾಡಿಯೂ ಚಾಳಿನ ಕೋಣೆಯೂ ಬರಿಯ ಹಿನ್ನೆಲೆಯಾಗಿ ನಿಲ್ಲದೆ ಜೀವಂತವಾಗಿವೆ. ಅವುಗಳ ಅನುವಾದ ಸಂಕಲನಕ್ಕೆ ದಕ್ಷಿಣ ಏಷ್ಯದ ಸಾಹಿತ್ಯಕ್ಕೆ ಮೀಸಲಾದ ಡಿ.ಎಸ್.ಸಿ. ಪ್ರಶಸ್ತಿಯು 2018ನೆಯ ಸಾಲಿಗೆ ಸಂದಿತು. ಈ ಕೃತಿಗಳನ್ನು ಓದಿದವನಿಗೆ ಸಂಶೋಧನ ಲೇಖನಗಳ ಠಾಣೆಯು ಜನರಿಲ್ಲದ ಊರಿನಂತೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಕಾದಂಬರಿಯು ದಾಖಲೆಯ ಕೆಲಸವನ್ನು ಮಾಡಲಾರದು; ಮಾಡಬೇಕಾಗಿಯೂ ಇಲ್ಲ. ಒಬ್ಬ ನಾಗಪ್ಪನಿಂದ ಊರಿನ ಬಾಡಿಗೆಯ ದರವಾಗಲಿ ರಾತ್ರಿಶಾಲೆಯ ಹಾಜರಿಯಾಗಲಿ ತಿಳಿಯುವುದಿಲ್ಲ. ಅದಲ್ಲದೆ ಈ ಕಥಾಲೋಕದ ಗುರುತ್ವಕೇಂದ್ರವಿರುವುದು ಮುಂಬಯಿಯಲ್ಲಿ. ಠಾಣೆಗೆ ಅಲ್ಲಿ ತನ್ನದೇ ಆದ ಬೀದಿಗಳು ಇನ್ನೂ ದೊರೆತಿಲ್ಲ.

ಕೆಲಸವನ್ನು ಮುಂದೂಡಲು ಈಗ ಅವಕಾಶವಿಲ್ಲ. ಎಸ್ಟೇಟಿನ ಅನೇಕ ಕಾರ್ಖಾನೆಗಳು ಮುಚ್ಚಿ ಆ ಜಾಗಗಳಲ್ಲಿ ಗಾಜಿನ ಕಚೇರಿಗಳು ಬಂದಿವೆ. ಕಿಸನನಗರದ ಹಳೆಯ ವಸತಿಗಳು ಸಮೂಹ ಪುನರ್ವಿಕಾಸದ ಯೋಜನೆಗೆ ಒಳಪಟ್ಟಿವೆ. ಕಟ್ಟಡ ಕೆಡವಿದಾಗ ಗೋಡೆಯೊಡನೆ ಹೋಗುವುದು ಹಲವು: ಬಾಡಿಗೆಯ ಚೀಟಿ, ಕಾರ್ಮಿಕ ಸಂಘದ ಗುರುತಿನ ಕಾರ್ಡು, ಊರಿನಿಂದ ಬಂದ ಕಾಗದಗಳ ಕಟ್ಟು, ಭಜನೆಯ ಮಂಡಳಿಯ ಜಮಾಖರ್ಚಿನ ಪುಸ್ತಕ. ಇವನ್ನು ಗೂಡಿನಲ್ಲಿಟ್ಟುಕೊಂಡವರ ವಯಸ್ಸು ಎಂಬತ್ತರ ಆಚೆಗಿದೆ. ಮಕ್ಕಳು ಘೋಡಬಂದರ ರಸ್ತೆಯ ಹೊಸ ಮನೆಗಳಿಗೆ ಹೋಗುವಾಗ ಹಳೆಯ ಕಾಗದಗಳನ್ನು ಒಯ್ಯುವುದಿಲ್ಲ. ಸಾವಿರ ವರ್ಷದ ಹಿಂದಿನ ತಾಮ್ರವು ಮಣ್ಣಿನಲ್ಲಿ ಉಳಿದೀತು, ಅರವತ್ತು ವರ್ಷದ ಹಿಂದಿನ ಕಾಗದವು ಒಂದು ಮಳೆಗಾಲಕ್ಕೆ ಉಳಿಯದು.

ಹಾಗೆಂದು ಅರಿಕೇಸರಿಯ ಪಟವನ್ನು ಮೂಲೆಗೆಸೆಯಬೇಕಾಗಿಲ್ಲ. ಅದನ್ನು ಪೂರ್ತಿಯಾಗಿ ಓದಿದರೆ ಸಾಕು. ಬಿರುದುಗಳ ಸಾಲು ಮುಗಿದ ಮೇಲೆ ಆ ಪಟವು ಶ್ರೀಸ್ಥಾನಕದ ನಿವಾಸಿಗಳನ್ನೂ ಉದ್ದೇಶಿಸಿ ಮಾತನಾಡುತ್ತದೆ. ಅನಂತರ ತಿಕ್ಕಪೈಯನಿಗೆ ಕೊಟ್ಟ ಚಾವಿನಾರವೆಂಬ ಗ್ರಾಮದ ಚತುಸ್ಸೀಮೆಯನ್ನು ಹೇಳುತ್ತದೆ: ಮೂಡಲಲ್ಲಿ ಬೆಟ್ಟದಿಂದ ಇಳಿಯುವ ನೀರು, ಪಡುವಲಲ್ಲಿ ಹೊಳೆ, ತೆಂಕಲು ಬಡಗಲುಗಳಲ್ಲಿ ನೆರೆಯ ಊರುಗಳು. ರಾಜನ ಕರಣಿಕನು ಆ ನೆಲವನ್ನು ಬಲ್ಲವರಿಂದ ಕೇಳಿ ತಿಳಿದು ಬರೆದಿರಬೇಕು. ವಾಗ್ಳೆ ಎಸ್ಟೇಟಿಗೂ ಎಲ್ಲೆಗಳುಂಟು. ಮೂಡಲಲ್ಲಿ ಹಳೆಯ ಆಗ್ರಾ ರಸ್ತೆ, ಅದರಾಚೆ ಪೇಟೆ, ತೆಂಕಲಲ್ಲಿ ಮುಲುಂಡಿನ ಚೆಕ್ ನಾಕಾ, ಪಡುವಲಲ್ಲಿ ಯೇವೂರಿನ ಬೆಟ್ಟ, ಬಡಗಲಲ್ಲಿ ಲೋಕಮಾನ್ಯನಗರ. ಈ ನಾಲ್ಕು ಎಲ್ಲೆಗಳ ಒಳಗೆ ಯಾವ ಯಾವ ಮನೆಯಲ್ಲಿ, ಯಾವ ವರ್ಷದಿಂದ, ಯಾವ ಊರಿನಿಂದ ಬಂದ ಕನ್ನಡದವರು ಇದ್ದರೆಂಬುದನ್ನು ಕೇಳಿ ಬರೆದುಕೊಂಡ ಪುಸ್ತಕವು ಠಾಣೆಯನ್ನು ಕುರಿತ ಕನ್ನಡ ಗ್ರಂಥಗಳ ಸಾಲಿಗೆ ಬರಬೇಕಾಗಿದೆ.